ಝನಾತಿಯ ಪಾರಿವಾಳ, ರದ್ವಾಳ ಡ್ರ್ಯಾಗನ್

ಝನಾತಿಗೆ ಮನುಷ್ಯರ ಮೇಲೆ ನಂಬಿಕೆ ಕಡಿಮೆ. ಕೈರೋ ಪಕ್ಕದ ಇಂಬಾಬಾದಲ್ಲಿ ನಲವತ್ತು ವರ್ಷದಿಂದ ಹತ್ತಿ ಹಾಸಿಗೆ ಹೊಲಿಯುತ್ತ, ಮಾಳಿಗೆಯ ಮೇಲಿನ ಮರದ ಗೋಪುರದಲ್ಲಿ ಪಾರಿವಾಳ ಸಾಕುತ್ತ ಬಂದವನು. ಪಾರಿವಾಳದವರ ಕಟ್ಟಳೆ ಸರಳ: ಸಂಜೆ ಎರಡು ಹಿಂಡು ಆಕಾಶದಲ್ಲಿ ಬೆರೆತಾಗ ಯಾರ ಹಕ್ಕಿ ದಾರಿ ತಪ್ಪಿ ಯಾರ ಗೋಪುರಕ್ಕೆ ಇಳಿಯಿತೋ, ಅದು ಇಳಿದ ಮನೆಯದು. ಹೋಗಿ ಕೇಳುವಂತಿಲ್ಲ. ಆದ್ದರಿಂದ ಹಿಂಡನ್ನು ತಿರುಗಿಸಿ ಮನೆಗೆ ತರುವ ಮುಂದಾಳು ಹಕ್ಕಿ ಯಾವುದೆಂದು ಯಾರೂ ಬಾಯಿ ಬಿಡುವುದಿಲ್ಲ. ಝನಾತಿಯ ಮುಂದಾಳು ಝರ್ಕಾ, ಒಂದು ಬೂದು ಹೆಣ್ಣು. ತೀರಿಹೋದ ಅಣ್ಣ ಸಾಕಿದ್ದ ತಳಿಯಲ್ಲಿ ಉಳಿದಿದ್ದ ಕೊನೆಯದು. ಹೆಂಡತಿ ಇನ್ಶಿರಾಳಿಗೂ ಅವನು ಅದನ್ನು ತೋರಿಸಿರಲಿಲ್ಲ.

ಆ ಚಳಿಗಾಲದಲ್ಲಿ ಎದುರು ಮಾಳಿಗೆಯ ಕೋಣೆಗೆ ರದ್ವಾ ಎಂಬ ಹುಡುಗಿ ಬಾಡಿಗೆಗೆ ಬಂದಳು. ದಿನಾ ಇಳಿಹೊತ್ತಿಗೆ ದುರ್ಬೀನು ಹಿಡಿದು ಅವನ ಹಕ್ಕಿಗಳನ್ನು ನೋಡುವಳು, ಪುಸ್ತಕದಲ್ಲಿ ಏನೋ ಗೀಚುವಳು. ಮೂರು ವಾರದಲ್ಲಿ ಅವನ ಎರಡು ಹಕ್ಕಿ ಹಿಂದಿನ ಓಣಿಯಲ್ಲಿ ಪಾರಿವಾಳ ಸಾಕುವ ದಸೂಕಿಯ ಗೋಪುರ ಸೇರಿದವು.

"ಆ ಹುಡುಗಿ ದಸೂಕಿ ಕಡೆಯವಳು," ಎಂದ ಝನಾತಿ ಊಟಕ್ಕೆ ಕೂತಾಗ.

"ನಿಮಗೆ ಬ್ರೆಡ್ಡಿನವನ ಮೇಲೂ ಅನುಮಾನ," ಎಂದಳು ಇನ್ಶಿರಾ. "ಪಾರಿವಾಳದವರು ಸುಳ್ಳುಗಾರರು ಅಂತ ಅವರ ಸಾಕ್ಷಿನ ಹಿಂದಿನ ಕಾಜಿಗಳು ಒಪ್ತಿರಲಿಲ್ಲವಂತೆ. ಸುಮ್ನೇನಾ?"

ಮರುದಿನ ಅವನು ಓಣಿಯ ಈಚೆಯಿಂದಲೇ ಕೂಗಿ ಕೇಳಿದ. "ಏನಮ್ಮಾ, ನನ್ನ ಹಕ್ಕಿ ಎಣಿಸ್ತಿದ್ದೀಯಾ?"

"ಎಣಿಸ್ತಿಲ್ಲ ಉಸ್ತಾ," ಅಲ್ಲಿ ಕಸುಬುದಾರರನ್ನು ಗೌರವದಿಂದ ಕರೆಯುವಂತೆ ಕರೆದಳು ಅವಳು. "ರೆಕ್ಕೆ ನೋಡ್ತಿದ್ದೀನಿ. ಕಂಪ್ಯೂಟರ್ ಆಟಕ್ಕೆ ಡ್ರ್ಯಾಗನ್ ಚಿತ್ರ ಬರೀಬೇಕು."

"ಇಲ್ಲದ ಪ್ರಾಣಿಗೆ ನನ್ನ ಪಾರಿವಾಳ ಯಾಕೆ?"

"ಇಲ್ಲದ್ದಕ್ಕೇ ಬೇಕು. ಕತ್ತೆ ಕಾಲು ಸೊಟ್ಟ ಬರೆದ್ರೂ ಜನ ಕತ್ತೆ ಅಂತಾರೆ. ಇದಕ್ಕೆ ನಾಲ್ಕು ಕಾಲು, ಮೇಲೆ ಎರಡು ರೆಕ್ಕೆ. ಒಂದು ಮೂಳೆ ಆಚೀಚೆ ಆದ್ರೂ ನಗ್ತಾರೆ. ಎರಡು ಸಲ ವಾಪಸ್ ಬಂತು. ಮೂರನೇದೂ ಬಂದ್ರೆ ಕೆಲಸ ಬೇರೆಯವರಿಗೆ."

ಉತ್ತರ ತೀರಾ ನುಣುಪಾಗಿದೆ ಅನಿಸಿತು ಝನಾತಿಗೆ. ಅಷ್ಟರಲ್ಲಿ ಅವಳೇ ಕೇಳಿದಳು: "ಇದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಹಾರೋದು ಯಾವುದು ಉಸ್ತಾ?"

ಗೂಢಚಾರ ಕೇಳುವ ಪ್ರಶ್ನೆಯೇ ಅದು. ಝನಾತಿ ಅವಸರ ಮಾಡದೆ ಬಿಳಿ ಗಂಡೊಂದರ ಕಡೆ ಬೆರಳು ತೋರಿಸಿದ. "ಅಗೋ, ಹಿಂಡಿಗೆಲ್ಲ ಅದೇ ರಾಜ."

ಅವಳು ದಸೂಕಿಯವಳೇ ಆಗಿದ್ದರೆ ಸುದ್ದಿ ಅಲ್ಲಿಗೆ ಮುಟ್ಟಬೇಕು. ಬಿಳಿ ಗಂಡು ಹಕ್ಕಿಯನ್ನು ಸೆಳೆಯಲು ದಸೂಕಿ ತನ್ನ ಹೆಣ್ಣು ಹಕ್ಕಿಗಳನ್ನು ಹಾರಿಸಬೇಕು. ಝನಾತಿ ಹತ್ತು ದಿನ ಕಾದ. ಒಂದು ಹೆಣ್ಣೂ ಮೇಲೇಳಲಿಲ್ಲ.

ಹನ್ನೊಂದನೆಯ ದಿನ ರದ್ವಾ ಮೆಟ್ಟಿಲು ಹತ್ತಿ ಅವನ ಮಾಳಿಗೆಗೇ ಬಂದಳು. ಕಣ್ಣು ಊದಿಕೊಂಡಿತ್ತು, ಕೈಯಲ್ಲಿ ಟ್ಯಾಬ್ಲೆಟ್ ಇತ್ತು.

"ಮೂರನೇದೂ ವಾಪಸ್ ಬಂತು. ಎದೆ ಸರಿ ಇದೆಯಂತೆ, ಭುಜ ಸರಿ ಇದೆಯಂತೆ. ಆದ್ರೆ ಹಾರೋ ಹಾಗೆ ಕಾಣಲ್ಲವಂತೆ. ಯಾಕೆ ಅಂದ್ರೆ ಅವರಿಗೂ ಗೊತ್ತಿಲ್ಲ. ಕಾಲು ಹಿಡ್ಕೊಂಡು ಭಾನುವಾರದವರೆಗೆ ಟೈಮ್ ತಗೊಂಡಿದ್ದೀನಿ."

ಝನಾತಿ ಚಿತ್ರ ನೋಡಿದ. ದೋಣಿಯ ತಳದ ಹಾಗೆ ಚೂಪಾಗಿ ಮುಂದೆ ಬಂದ ಎದೆಮೂಳೆ, ಅದರ ಎರಡೂ ಬದಿಗೆ ಒತ್ತಾದ ಮಾಂಸ. ಮುಂಗಾಲಿನ ಭುಜ ಕೆಳಗೆ, ರೆಕ್ಕೆಯ ಭುಜ ಮೇಲೆ. ತಪ್ಪು ಕಾಣಲಿಲ್ಲ. ಆಮೇಲೆ ಎಡ ರೆಕ್ಕೆಯ ಮಣಿಕಟ್ಟಿನ ಮೇಲೆ ಕಣ್ಣು ನಿಂತಿತು. ಅದು ಪೂರ್ತಿ ಚಾಚಿಕೊಂಡಿರಲಿಲ್ಲ. ಒಂದು ಬೆರಳಗಲ ಮೊದಲೇ ತಡೆದು ನಿಂತಿತ್ತು.

ಅವನಿಗೆ ಆ ಮಣಿಕಟ್ಟು ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಗಿಡುಗ ಎರಗಿ ಬಿಳಿ ಗಂಡಿನ ರೆಕ್ಕೆ ಮುರಿದಾಗ ಎರಡು ಬೆಂಕಿಕಡ್ಡಿ ಇಟ್ಟು ಹಾಸಿಗೆ ಹೊಲಿಯುವ ದಾರದಲ್ಲಿ ಕಟ್ಟಿದವನು ಅವನೇ. ಮೂಳೆ ಕೂಡಿತು, ಕೀಲು ಸಡಿಲವಾಗಲಿಲ್ಲ. ಅವಳು ಕಂಡದ್ದನ್ನು ಒಂದಿಷ್ಟೂ ಬಿಡದೆ ಬರೆದಿದ್ದಳು.

"ಅದು ರಾಜ ಅಲ್ಲ," ಎಂದ. "ಅದರ ರೆಕ್ಕೆ ಮುರಿದಿತ್ತು."

"ಮತ್ತೆ ನೀವೇ ಹೇಳಿದ್ರಲ್ಲ!"

"ನೀನು ದಸೂಕಿ ಕಡೆಯವಳು ಅಂದ್ಕೊಂಡೆ."

"ದಸೂಕಿ ಯಾರು?"

ಹಾಗೆ ಕೇಳುವಾಗ ಅವಳ ಮುಖವನ್ನು ಅವನು ಚೆನ್ನಾಗಿ ನೋಡಿದ. ಆಮೇಲೆ ಗೂಡಿನೊಳಗೆ ಕೈ ಹಾಕಿದ. ಕೈ ಮೊದಲು ಹೋದದ್ದು ಕೆಂಚು ಹಕ್ಕಿಯೊಂದರ ಕಡೆಗೆ. ಇನ್ನೊಂದು ಸುಳ್ಳಿಗೆ ಸಾಕಾಗುವಷ್ಟು ಚೆನ್ನಾಗಿ ಅದೂ ಹಾರುತ್ತಿತ್ತು. ಅದನ್ನು ಬಿಟ್ಟು ಝರ್ಕಾವನ್ನು ಹೊರಗೆ ತೆಗೆದ. ರೆಕ್ಕೆ ಬಿಡಿಸಿ ಅವಳ ಬೆರಳನ್ನು ಮಣಿಕಟ್ಟಿನ ಮೇಲೆ ಇಡಿಸಿದ.

"ಇಲ್ಲಿ ನೋಡು. ಮೊಣಕೈ ಬಿಚ್ಚಿದ್ರೆ ಇದೂ ತಾನಾಗೇ ಬಿಚ್ಚಬೇಕು. ಎರಡೂ ಒಟ್ಟಿಗೆ. ಗೊತ್ತಾಯ್ತಾ? ಇನ್ನು ಈ ಹಕ್ಕೀನ ನೀನು ನೋಡೇ ಇಲ್ಲ."

ಶನಿವಾರ ಅವಳು ಹೊಸ ಚಿತ್ರ ತಂದಳು. ಈ ಸಲ ರೆಕ್ಕೆ ನೋಡಿದರೆ ಗಾಳಿಯ ಸದ್ದು ಕೇಳಿಸುವಂತಿತ್ತು. ಝನಾತಿ ಮೆಚ್ಚಲಿಲ್ಲ. ರೆಕ್ಕೆಯ ಅಂಚಿನ ಮೂರು ಬಿಳಿ ಮಚ್ಚೆಗಳ ಮೇಲೆ ಬೆರಳಿಟ್ಟ. ಝರ್ಕಾಗೆ ಮೂರು ಬಿಳಿ ಗರಿ ಇದ್ದದ್ದು ಅದೇ ಜಾಗದಲ್ಲಿ.

"ಇದನ್ನ ಅಳಿಸು."

"ಇದು ಡ್ರ್ಯಾಗನ್ ಉಸ್ತಾ! ಇದರಲ್ಲಿ ನಿಮ್ಮ ಪಾರಿವಾಳನ ಯಾರು ಗುರುತು ಹಿಡೀತಾರೆ?"

"ಆ ಬಿಳಿ ಹಕ್ಕೀನ ನಾನು ಗುರುತು ಹಿಡಿಲಿಲ್ವಾ?"

ಅವಳು ಅಲ್ಲೇ ಕೂತು ಅಳಿಸಿದಳು.

ಭಾನುವಾರ ಇಳಿಹೊತ್ತಿನಲ್ಲಿ ಎರಡೂ ಹಿಂಡು ಮೇಲಿದ್ದಾಗ ಎದುರು ಕಿಟಕಿಯಿಂದ ಕೂಗು ಬಂತು. "ಒಪ್ಪಿದ್ರು ಉಸ್ತಾ! ಹಾರುತ್ತಂತೆ!" ಝನಾತಿ ಹಿಂಡನ್ನು ಕರೆಯುವ ಬಾವುಟ ಬೀಸುತ್ತಲೇ ಇದ್ದ. ಝರ್ಕಾ ದಸೂಕಿಯ ಹಿಂಡಿನ ನಡುವಿನಿಂದ ತಿರುಗಿ, ತನ್ನವರನ್ನೆಲ್ಲ ಎಳೆದುಕೊಂಡು ಬಂದು ಇಳಿಯಿತು. ಅವನು ಹುಡುಗಿಗೆ ಕೈ ಎತ್ತಿದ. ಬಳಿಕ ದಸೂಕಿಯ ಮಾಳಿಗೆಯ ಕಡೆ ತಿರುಗಿ, ಆ ಕೂಗನ್ನು ಅಲ್ಲಿ ಯಾರಾದರೂ ಕೇಳಿಸಿಕೊಂಡರೇ ಎಂದು ಬಹಳ ಹೊತ್ತು ನೋಡಿದ.

ಕೆಳಗಿಳಿದು ಇನ್ಶಿರಾಳನ್ನು ಮೂರು ಗರಿಗೆ ಆಗುವಷ್ಟು ಮದರಂಗಿ ಕೇಳಿದ.

"ಯಾರ ಮದುವೆ?" ಎಂದಳು ಅವಳು.

ಅವನು ಮದರಂಗಿ ತೆಗೆದುಕೊಂಡು, ಝರ್ಕಾದ ಬಿಳಿ ಗರಿ ಮರೆಸಲು ಮತ್ತೆ ಮಾಳಿಗೆ ಹತ್ತಿದ.