ಎಫ್ ಒನ್ ಒತ್ತಿದ ಎಂಟು ತಿಂಗಳು

ಹೊಸನಗರದ ಆ ಜೆರಾಕ್ಸ್ ಅಂಗಡಿಗೆ ಡಿಟಿಪಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಯಜಮಾನರು ನನಗೆ ಎರಡು ಪಾಠ ಹೇಳಿಕೊಟ್ಟರು. ಬೆಳಗ್ಗೆ ಕಂಪ್ಯೂಟರ್ ಹಾಕಿದಾಗ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂದು ನಿಲ್ಲುತ್ತದೆ, ಆಗ ಎಫ್ ಒನ್ ಒತ್ತಬೇಕು. ಸಂಜೆ ಮನೆಗೆ ಹೊರಡುವಾಗ ಪ್ಲಗ್ ಕಿತ್ತು ಗೋಡೆಯ ಮೊಳೆಗೆ ನೇತುಹಾಕಬೇಕು.

ಎರಡನೆಯ ಪಾಠ ಸಿಡಿಲಿನ ದೆಸೆಯಿಂದ ಬಂದದ್ದು. ಪಕ್ಕದ ಬೇಕರಿಯ ಟಿವಿ ಸುಟ್ಟುಹೋದದ್ದನ್ನು ಕಣ್ಣಾರೆ ಕಂಡ ಮೇಲೆ ಯಜಮಾನರಿಗೆ ಆಕಾಶದ ಮೇಲಿದ್ದ ನಂಬಿಕೆ ಪೂರ್ತಿ ಹೋಗಿತ್ತು. ಮೋಡ ಇರಲಿ ಬಿಡಲಿ, ವರ್ಷದ ಎಲ್ಲ ದಿನವೂ ಸಂಜೆ ಪ್ಲಗ್ಗುಗಳು ಮೊಳೆಯ ಮೇಲೆ ಸಾಲಾಗಿ ನೇತಾಡಬೇಕು. ಬಾಗಿಲು ಎಳೆಯುವ ಮುನ್ನ ಅವರು ಆ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸುತ್ತಿದ್ದರು. ನಮ್ಮೂರಿನಲ್ಲಿ ಕಂಪ್ಯೂಟರ್ ಇದ್ದ ಅಂಗಡಿಗಳಲ್ಲೆಲ್ಲ ಇದೇ ಪದ್ಧತಿ, ಬೆಳಗ್ಗೆ ಎಫ್ ಒನ್ನೂ ಅಷ್ಟೇ. ಕಂಪ್ಯೂಟರ್ ದಿನಾ ತಪ್ಪು ತಾರೀಖು ತೋರಿಸುತ್ತಿತ್ತು ನಿಜ. ಗೋಡೆಯ ಮೇಲೆ ಕ್ಯಾಲೆಂಡರ್ ಇರುವಾಗ ಅದನ್ನು ಕೇಳುವವರು ಯಾರು?

ನನ್ನ ಸಂಕಟ ಬೇರೆಯಿತ್ತು. ಟೈಪಿಂಗ್ ಕಲಿತ ಕಡೆ ನನ್ನಷ್ಟು ಚುರುಕು ಕೈ ಇನ್ನೊಬ್ಬರದಿರಲಿಲ್ಲ. ಕನ್ನಡ ಸೀನಿಯರ್ ಪರೀಕ್ಷೆಯನ್ನು ಒಂದೇ ಸಲಕ್ಕೆ ಪಾಸು ಮಾಡಿದ್ದೆ. ಆ ಜಂಬ ಸ್ವಲ್ಪ ಹೆಚ್ಚೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಈ ಕಂಪ್ಯೂಟರಿನ ಮುಂದೆ ಕೂತ ಮೇಲೆ ಅದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ಲಗ್ನಪತ್ರಿಕೆಯಂಥ ಚಿಕ್ಕ ಕೆಲಸ ಹೇಗೋ ನಡೆಯುತ್ತಿತ್ತು. ಫೋಟೋಗಳಿರುವ ದೊಡ್ಡ ಫೈಲ್ ತೆರೆದರೆ ನಾನು ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುವಷ್ಟರಲ್ಲಿ ಮುಂದಿನ ಸಾಲು ಏನೆಂಬುದೇ ಮರೆತುಹೋಗುತ್ತಿತ್ತು. ಒಂದು ಸಾಲು ಹೊಡೆದು ಕೈ ಎತ್ತಿ ಕಾಯುವುದು, ಇನ್ನೊಂದು ಸಾಲು ಹೊಡೆದು ಮತ್ತೆ ಕಾಯುವುದು.

“ಎಂತ ಮಾರಾಯ್ತಿ, ನಾಲ್ಕು ಪುಟಕ್ಕೆ ಒಂದು ಹಗಲು ಬೇಕಾ ನಿಂಗೆ?” ಎಂದರು ಯಜಮಾನರು.

“ಮಿಷನ್ನೇ ನಿಧಾನ ಸಾರ್.”

“ಮಿಷನ್ನಿಗೆ ಎಂತ ಆಗಿದೆ? ಹೋದ ವರ್ಷ ತಂದಿದ್ದು. ನಿನ್ನ ಕೈ ನಿಧಾನ.”

ತೀರ್ಥಹಳ್ಳಿಯಲ್ಲಿ ಅವರ ಭಾವನ ಪ್ರೆಸ್ ಇತ್ತು. ಅಲ್ಲೊಬ್ಬಳು ಹುಡುಗಿ ಇಷ್ಟೇ ಕೆಲಸವನ್ನು ಮಧ್ಯಾಹ್ನದೊಳಗೆ ಮುಗಿಸುತ್ತಾಳೆ ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ನಾನು ಅವಳ ಮುಖ ನೋಡಿದವಳಲ್ಲ, ಆದರೂ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಅಷ್ಟರಲ್ಲಿ ಒಂದು ಪ್ರೌಢಶಾಲೆಯ ಸ್ಮರಣ ಸಂಚಿಕೆಯ ಕೆಲಸ ಬಂತು. ಯಜಮಾನರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು: “ಈ ವಾರ ನೋಡ್ತೀನಿ. ಹೀಗೇ ಆದ್ರೆ ಭಾವನಿಗೆ ಹೇಳಿ ಆ ಹುಡುಗೀನ ಇಲ್ಲಿಗೆ ಕರೆಸ್ತೀನಿ.” ನನ್ನ ಕೆಲಸ ಹೋಗುವುದಿತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ಕೈ ನಿಜವಾಗಿಯೂ ನಿಧಾನವೇನೋ ಎಂಬ ಅನುಮಾನ ನನಗೇ ಶುರುವಾಗಿತ್ತು.

ಮರುದಿನ ಹಟ ಹಿಡಿದು ಯಜಮಾನರ ಒಪ್ಪಿಗೆ ಪಡೆದು, ರಿಪೇರಿಗೆಂದು ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಸಾಗರದ ಬಸ್ಸು ಹತ್ತಿದೆ. ತೊಡೆಯ ಮೇಲೆ ಅದನ್ನು ಅಪ್ಪಿ ಕೂತಿದ್ದ ನನ್ನನ್ನು ಕಂಡು ಪಕ್ಕದ ಹೆಂಗಸು “ಪಾಪು ಎಷ್ಟು ತಿಂಗಳದ್ದು?” ಎಂದು ಕೇಳಿ, ಬೆಡ್‌ಶೀಟು ಸರಿಸಿ ನೋಡಿ, ಬಸ್ಸಿನವರೆಲ್ಲ ತಿರುಗುವಂತೆ ನಕ್ಕಳು. ಆ ನಗು ಇಷ್ಟು ವರ್ಷದ ಮೇಲೂ ಕಿವಿಯಲ್ಲಿದೆ. ಈಗ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಅದೇ ದಾರಿಯಲ್ಲಿ ಹೋಗುತ್ತೇನೆ. ಯಾರೂ ಏನೂ ಕೇಳುವುದಿಲ್ಲ.

ಸಾಗರದ ಮೆಕ್ಯಾನಿಕ್ ತುಮರಿ ಕಡೆಯವರು. ಬೆಳಗ್ಗೆ ಲಾಂಚಿನಲ್ಲಿ ಹೊಳೆ ದಾಟಿ ಬಂದು, ಸಂಜೆ ಕೊನೆಯ ಲಾಂಚಿಗೆ ಓಡಬೇಕಾದ ಮನುಷ್ಯ. ಹಾಗಾಗಿ ಸದಾ ಅವಸರ. ಕಪ್ಪು ಪರದೆ ಬಂದದ್ದೇ ತಡ, ಅದರಲ್ಲಿ ಏನಿದೆಯೆಂದು ಓದದೆ ಡಿಲೀಟ್ ಒತ್ತಿದರು. ಅವರ ಟೇಬಲ್ಲಿಗೆ ಬರುವ ಮಿಷನ್ನುಗಳೆಲ್ಲ ಅಂಥದೇ ಕಪ್ಪು ಪರದೆ ತೋರಿಸಿ ಯಾವುದೋ ಕೀಲಿ ಒತ್ತಲು ಕೇಳುತ್ತಿದ್ದವು. ನೀಲಿ ಪರದೆಯೊಂದು ತೆರೆಯಿತು. ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಆ ಜಾಗದ ಹೆಸರು ಬಯಾಸ್ ಎಂದು ನನಗೆ ತಿಳಿದದ್ದು ಅವತ್ತೇ.

“ನೋಡು ತಂಗಿ, ಪ್ರೊಸೆಸರ್ ತನ್ನಷ್ಟಕ್ಕೆ ಓಡಲ್ಲ. ಬೋರ್ಡು ತಾಳ ಹಾಕುತ್ತೆ, ಇದು ಅದರ ಹನ್ನೊಂದು ಪಟ್ಟು ಓಡುತ್ತೆ. ತಾಳ ನೂರ ಅರವತ್ತಾರು ಇರಬೇಕಿತ್ತು. ಇಲ್ಲಿ ನೂರೇ ಇದೆ. ಸಾವಿರದ ಎಂಟುನೂರು ಓಡೋ ಕುದುರೆ ಸಾವಿರದ ನೂರರಲ್ಲಿ ನಡೀತಾ ಇದೆ.”

ಅವರು ನೂರನ್ನು ನೂರ ಅರವತ್ತಾರು ಮಾಡಿ ಉಳಿಸಿದರು. ಸಂಜೆ ಹೊಸನಗರಕ್ಕೆ ಬಂದು ಹಾಕಿದರೆ ಫೈಲು ಪಟ್ಟನೆ ತೆರೆಯಿತು. ಯಜಮಾನರನ್ನು ಕರೆದು ತೋರಿಸಿ, ಪ್ಲಗ್ಗನ್ನು ಮೊಳೆಗೆ ನೇತುಹಾಕಿ ಮನೆಗೆ ಹೋದೆ. ಬೆಳಗ್ಗೆ ಬಂದು ಎಫ್ ಒನ್ ಒತ್ತಿದೆ. ಮತ್ತೆ ಅದೇ ಆಮೆ ನಡಿಗೆ.

“ಸಾಗರದ ಗಾಳಿ ಇಲ್ಲಿಗೆ ಬರಲಿಲ್ಲ ಅನ್ಸುತ್ತೆ,” ಎಂದರು ಯಜಮಾನರು. ನನಗೆ ಮೈಯೆಲ್ಲ ಉರಿದುಹೋಯಿತು. ಸಾಗರಕ್ಕೆ ಫೋನ್ ಮಾಡಿ ಕೂಗಾಡಿದೆ.

“ಇಲ್ಲಿ ಸರಿ ಇತ್ತಲ್ಲ ಮಾರಾಯ್ತಿ. ಬೆಳಿಗ್ಗೆ ಬಂದು ಎಂತ ಮಾಡಿದೆ?”

“ಎಂತ ಮಾಡೋದು, ದಿನಾ ಮಾಡೋದೇ. ಎಫ್ ಒನ್ ಒತ್ತಿದೆ.”

“ದಿನಾನಾ? ಅದ್ರಲ್ಲಿ ಎಂತ ಬರೆದಿದೆ, ಓದಿದೀಯಾ?”

ಓದಿರಲಿಲ್ಲ. ಎಂಟು ತಿಂಗಳಲ್ಲಿ ಒಂದು ದಿನವೂ ಓದಿರಲಿಲ್ಲ. ತನ್ನ ಸೆಟ್ಟಿಂಗ್‌ಗಳೆಲ್ಲ ಅಳಿಸಿಹೋಗಿವೆ, ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಮರಳಿದ್ದೇನೆ, ಹೀಗೇ ಮುಂದುವರಿಯಲೇ ಎಂದು ಆ ಕಂಪ್ಯೂಟರ್ ದಿನಾ ಕೇಳುತ್ತಿತ್ತು. ಹೂಂ, ಹೀಗೇ ಮುಂದುವರಿ ಎಂದು ದಿನಾ ಒತ್ತುತ್ತಿದ್ದವಳು ನಾನೇ. ಬೋರ್ಡಿನ ಮೇಲೆ ಬಿಲ್ಲೆಯಂಥ ಬ್ಯಾಟರಿಯೊಂದು ಇರುತ್ತದೆ. ಪ್ಲಗ್ ಕಿತ್ತ ಮೇಲೆ ತಾರೀಖನ್ನೂ ಸೆಟ್ಟಿಂಗ್‌ಗಳನ್ನೂ ನೆನಪಿಟ್ಟುಕೊಳ್ಳುವ ಹೊಣೆ ಅದರದ್ದು. ದಿನವೂ ಪ್ಲಗ್ ಕಿತ್ತು ಕಿತ್ತು ನಾವು ಅದನ್ನು ಸುಸ್ತು ಮಾಡಿದ್ದೆವು. ಬಸ್ಸಿನ ಒಂದೆರಡು ಗಂಟೆ ಹೇಗೋ ತಾಳಿದ್ದು ಒಂದು ರಾತ್ರಿ ತಾಳಲಿಲ್ಲ. “ನಾನೂ ನಿನ್ನೆ ಅದನ್ನ ಓದಲಿಲ್ಲ ಬಿಡು,” ಎಂದು ಅವರು ತಮ್ಮ ತಪ್ಪನ್ನೂ ಒಪ್ಪಿಕೊಂಡರು.

ವಾಚ್ ರಿಪೇರಿ ಅಂಗಡಿಯಿಂದ ಬ್ಯಾಟರಿ ತಂದು ಹಾಕಿದೆ. ಉಳಿದದ್ದನ್ನು ಅವರು ಫೋನಿನಲ್ಲೇ ಹೇಳಿಕೊಡಬೇಕಿತ್ತು. ಫೋನು ಹೊರಗೆ ಕೌಂಟರಿನ ಮೇಲೆ, ಕಂಪ್ಯೂಟರ್ ಒಳಗಿನ ಕೋಣೆಯಲ್ಲಿ. ಹೀಗಾಗಿ ಯಜಮಾನರು ಕಿವಿಗೆ ಫೋನು ಹಿಡಿದು ಕೇಳಿದ್ದನ್ನು ಕೂಗಿದರು.

“ಅಡ್ವಾನ್ಸ್ಡ್ ಅಂತೆ!”

“ಇದೆ ಸಾರ್!”

“ಅದ್ರೊಳಗೆ ಹೋಗ್ಬೇಕಂತೆ! ನೂರು ಕಾಣ್ತದಾ ಅಂತ ಕೇಳ್ತಾರೆ!”

“ಕಾಣ್ತದೆ!”

“ನೂರ ಅರವತ್ತಾರು ಮಾಡ್ಬೇಕಂತೆ! ಉಳಿಸೋಕೆ ಎಫ್ ಟೆನ್ ಅಂತೆ, ಆಮೇಲೆ ವೈ ಅಂತೆ!”

ಪಹಣಿಯ ಜೆರಾಕ್ಸಿಗೆ ಬಂದಿದ್ದ ಅಜ್ಜ ತಮ್ಮ ಕೆಲಸ ಮರೆತು ಬಾಗಿಲಲ್ಲಿ ನಿಂತು ನೋಡಿದರು. ಕಂಪ್ಯೂಟರ್ ಮತ್ತೆ ಶುರುವಾದಾಗ ಸಾವಿರದ ಎಂಟುನೂರ ಚಿಲ್ಲರೆ ಎಂಬ ಅಂಕಿ ಕಾಣಿಸಿತು. ಅವತ್ತಿನಷ್ಟು ಖುಷಿಯಿಂದ ನಾನು ಯಾವ ಪರೀಕ್ಷೆಯ ಅಂಕವನ್ನೂ ನೋಡಿಲ್ಲ.

ಮರುದಿನ ಬೆಳಗ್ಗೆ ಎಫ್ ಒನ್ ಕೇಳದೆಯೇ ಕಂಪ್ಯೂಟರ್ ಎದ್ದಿತು. ಯಜಮಾನರು ಹಿಂದೆ ಕುರ್ಚಿ ಎಳೆದುಕೊಂಡು ಕೂತು, ಸಂಚಿಕೆಗೆ ಮುಖ್ಯೋಪಾಧ್ಯಾಯರು ಕೈಯಲ್ಲಿ ಬರೆದುಕೊಟ್ಟ ನಾಲ್ಕು ಪುಟ ಮುಂದಿಟ್ಟರು. “ಈಗ ಹೊಡಿ ನೋಡುವ.”

ಹೊಡೆದೆ. ಮೊದಲ ಪುಟಕ್ಕೆ ಮುಂಚಿನಷ್ಟೇ ಹೊತ್ತಾಯಿತು.

“ನೋಡು, ಅದು ನಿಂಗೋಸ್ಕರ ಕಾಯ್ತಾ ಇದೆ. ನೀನು ಕೈ ಎತ್ಕಂಡು ಕೂತಿದೀಯ.”

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಸಾಲು ಮುಗಿದ ಕೂಡಲೇ ನನ್ನ ಬೆರಳುಗಳು ತಾವಾಗಿ ಮೇಲೆದ್ದು ನಿಲ್ಲುತ್ತಿದ್ದವು. ಅಕ್ಷರಗಳು ಆಗಲೇ ಪರದೆಯ ಮೇಲಿದ್ದವು. ಆದರೂ ನಾನು ಕಾಯುತ್ತಿದ್ದೆ. ಎಂಟು ತಿಂಗಳು ಆ ಮಿಷನ್ನಿನ ಜೊತೆ ಇದ್ದು ನನ್ನ ಕೈ ಅದರ ನಡಿಗೆಯನ್ನೇ ಕಲಿತುಬಿಟ್ಟಿತ್ತು. ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು.

ಎದ್ದು ಹೋಗಿ ಜೆರಾಕ್ಸ್ ಮಿಷನ್ನಿಗೆ ಹೊದಿಸುವ ಬಟ್ಟೆ ತಂದು ಮಾನಿಟರಿನ ಮೇಲೆ ಹಾಕಿದೆ.

“ಎಂತ, ತಲೆ ಕೆಟ್ಟಿದೆಯಾ?” ಎಂದರು ಯಜಮಾನರು.

ಕಣ್ಣನ್ನು ಮುಖ್ಯೋಪಾಧ್ಯಾಯರ ಅಕ್ಷರದ ಮೇಲಿಟ್ಟು ಉಳಿದ ಮೂರು ಪುಟ ಹೊಡೆದೆ. ಎಲ್ಲಿಯೂ ನಿಲ್ಲಲಿಲ್ಲ. ಮುಗಿದ ಮೇಲೆ “ತೆಗೀರಿ ಸಾರ್” ಎಂದೆ.

ಅವರು ಬಟ್ಟೆ ಸರಿಸಿ, ಒಂದು ಕೈಯಲ್ಲಿ ಹಾಳೆ ಹಿಡಿದು, ಇನ್ನೊಂದು ಕೈಯ ಬೆರಳನ್ನು ಪರದೆಯ ಮೇಲೆ ಸಾಲು ಸಾಲಾಗಿ ಎಳೆಯುತ್ತ ಮೂರು ಪುಟವನ್ನೂ ಓದಿದರು. ನೇರ ಕೌಂಟರಿಗೆ ಹೋಗಿ ತೀರ್ಥಹಳ್ಳಿಗೆ ಫೋನ್ ಮಾಡಿದರು. “ಭಾವ, ಆ ಹುಡುಗೀನ ಕಳಿಸೋದು ಬೇಡ. ಇಲ್ಲಿರೋಳೇ ಆಗ್ತದೆ.”

ಫೋನಿಟ್ಟು ಅಲ್ಲಿಂದಲೇ ಕೂಗಿದರು, “ಮೂರನೇ ಪುಟದಲ್ಲಿ ಒಂದು ಒತ್ತು ಬಿಟ್ಟೋಗಿದೆ, ಸರಿ ಮಾಡು.”

ಸರಿ ಮಾಡಲೆಂದು ಪರದೆ ನೋಡಿದೆ. ಕಣ್ಣು ತುಂಬಿಕೊಂಡು ಒಂದಕ್ಷರವೂ ಕಾಣಿಸಲಿಲ್ಲ.