ಮಂಗಳವಾರದವ್ವ

ಗೆಳೆಯರೇ, ಇವತ್ತು ಬೆಳಿಗ್ಗೆ ಒಬ್ಬ ಬಡಪಾಯಿ ಮಾಸ್ತರರ ಜೊತೆ ನನ್ನ ಜಗಳವಾಯಿತು. ಅವರು ಹಂಸಭಾವಿಯ ನಮ್ಮ ಹೈಸ್ಕೂಲಿನ ಇತಿಹಾಸ ಬರೆಯುತ್ತಿದ್ದಾರೆ.

“ನಲವತ್ತರ ದಶಕದಾಗ ಸಾಲಿ ಕಟ್ಟಿದವರ ಹೆಸರು ಹೇಳ್ರಿ ಅಜ್ಜಾರ.”

“ಮಂಗಳವಾರದವ್ವ ಅಂತ ಬರಕೋರಿ.”

“ಚಾಷ್ಟಿ ಬ್ಯಾಡ್ರಿ!”

ಚೇಷ್ಟೆಯಲ್ಲ. ಆಗ ಪರವೂರಿಂದ ಓದಲು ಬಂದ ಬಡ ಹುಡುಗರಿಗೆ ವಾರಾನ್ನವೇ ಗತಿ. ದಿನಕ್ಕೊಂದು ಮನೆಯಲ್ಲಿ ಊಟ. ನನಗೆ ಸೋಮವಾರಕ್ಕೆ ಸಿಕ್ಕಿದ್ದು ಸೋಮವಾರ ಉಪವಾಸ ಮಾಡುವ ಶಿವಭಕ್ತರ ಮನೆ! ಅಲ್ಲಿ ಭಕ್ತಿಯ ಜೊತೆಗೆ ಒಂದು ಬಾಳೆಹಣ್ಣು ಕೊಡುತ್ತಿದ್ದರು. ಅದು ಗೊತ್ತಿದ್ದ ಮಂಗಳವಾರದ ಮನೆಯವ್ವ, ನನ್ನನ್ನು ದೂರದಿಂದ ಕಂಡೊಡನೆ ರೊಟ್ಟಿ ಬಡಿಯಲು ಕೂರುತ್ತಿದ್ದಳು. “ಬಾರೋ ಉಪಾಸಪ್ಪ, ನಿನ್ನಿ ಪಾಲಿಂದೂ ಉಣ್ಣು,” ಎಂದು ನಗುತ್ತಿದ್ದಳು. ಆ ರೊಟ್ಟಿಯ ಸದ್ದಿಗೆ ಈಗಲೂ ಕಿವಿ ಹಂಬಲಿಸುತ್ತದೆ.

“ಆಕಿ ಹೆಸರೇನ್ರಿ?”

“ಗೊತ್ತಿಲ್ರಿ. ಅವ್ವಗ ಯಾರರ ಹೆಸರು ಕೇಳ್ತಾರೇನು? ಈಗ ಕೇಳೂಣಂದ್ರ ಆ ಮನಿನೂ ಇಲ್ಲ.”

“ಹೆಸರಿಲ್ದ ಹೆಂಗ ಹಾಕ್ಲಿ? ಓದಿದವರು ನಗ್ತಾರ.”

“ನಗಲಿ. ಆಕಿ ಇಲ್ದಿದ್ರ ನಾ ಮ್ಯಾಟ್ರಿಕ್ ಮುಟ್ಟತಿದ್ದಿಲ್ಲ. ಆಕೀನ್ನ ಬಿಟ್ರ ಹಳೇ ವಿದ್ಯಾರ್ಥಿಗಳ ಪಟ್ಟಿಯಾಗಿಂದ ನನ್ನ ಹೆಸರೂ ತಗೀರಿ.”

ಮಾಸ್ತರರು ಸೋತರು. ದಾನಿಗಳ ಪುಟ ತೆರೆದು ಕೇಳಿದರು: “ಏನು ಕೊಟ್ರಂತ ಬರೀಲಿ?”

“ಬಿಸಿ ರೊಟ್ಟಿ, ಬದನಿಕಾಯಿ ಎಣಗಾಯಿ. ಮತ್ತ ‘ಇನ್ನೊಂದು ಹಾಕ್ಲೇನೋ?’ ಅನ್ನೋ ಮಾತು.”

ಹಾಗೆಯೇ ಬರೆದುಕೊಂಡರು. ಭೂಮಿ, ಕಲ್ಲು, ನಗದು ಕೊಟ್ಟವರ ನಡುವೆ ನನ್ನವ್ವ ಕೂತಿದ್ದಾಳೆ. ಇಡೀ ಇತಿಹಾಸದಲ್ಲಿ ಓದಿದರೆ ಹಸಿವಾಗುವ ಪುಟ ಅದೊಂದೇ ಇರಬೇಕು.