ಎಕ್ಸ್‌ರೇಯಲ್ಲಿ ಕಂಡ ಹಳೆಯ ಕಲೆ

ಮದುವೆಯಾಗಿ ಆರನೆಯ ವರ್ಷ ನನ್ನ ವೀಸಾದ ಸರದಿ ಬಂತು. ಗಂಡ ಕಾರವಾರದ ಬಳಿಯ ದೇವಬಾಗದವರು, ಹಡಗಿನಲ್ಲಿ ಅಡುಗೆಯವರಾಗಿ ಹೋಗಿ, ಕೊನೆಗೆ ಅಮೆರಿಕದ ಒಂದು ಬಂದರಿನ ಊರಲ್ಲಿ ನೆಲೆ ನಿಂತವರು. ವೈದ್ಯಕೀಯ ಪರೀಕ್ಷೆಗೂ ಕಾನ್ಸುಲೇಟಿನ ಸಂದರ್ಶನಕ್ಕೂ ನಾನು ಮುಂಬೈಗೆ ಹೋಗಬೇಕಿತ್ತು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ತವರೂರು ಅವರ್ಸಾದಿಂದ ನನ್ನ ಹೆತ್ತ ಆಯಿಯೂ ಜೊತೆಗೆ ಹೊರಟಳು.

ಮುಂಬೈಯ ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಲಸಿಕೆ ಹಾಕಿದರು, ಎದೆಯ ಎಕ್ಸ್‌ರೇ ಆಯಿತು. ಮಧ್ಯಾಹ್ನ ಡಾಕ್ಟರಮ್ಮ ಮತ್ತೆ ಒಳಗೆ ಕರೆದು, ಬಲ ಶ್ವಾಸಕೋಶದ ಮೇಲ್ತುದಿಯಲ್ಲಿದ್ದ ಬಿಳಿ ಗೆರೆಗಳನ್ನು ತೋರಿಸಿದರು. ಹಿಂದೆ ಕ್ಷಯ ಆಗಿತ್ತೇ ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲವೆಂದೆ. ನನಗೆ ತಿಳಿದಂತೆ ಅದು ನಿಜವೇ.

ಹೊರಗೆ ಬೆಂಚಿನ ಮೇಲಿದ್ದ ಆಯಿಗೆ ಹೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಆಗಿತ್ತು," ಎಂದಳು ಆಮೇಲೆ. "ನೀ ಶಾಲೆಲ್ಲಿ ಆರನೇತ್ತೆ ಇದ್ದಾಗೆ."

ಅಂಕೋಲೆ ಹತ್ತಿರವಿದ್ದರೂ ಬಸ್ಸಿನಲ್ಲಿ ಕಾರವಾರದ ಆಸ್ಪತ್ರೆಗೇ ಕರೆದೊಯ್ಯುತ್ತಿದ್ದುದು, ತಿಂಗಳುಗಟ್ಟಲೆ ಬರಿಹೊಟ್ಟೆಯಲ್ಲಿ ನುಂಗಿದ ಗುಳಿಗೆಗಳು, ಅವುಗಳಿಂದ ಕುಂಕುಮದ ನೀರಿನಂತಾಗಿದ್ದ ಮೂತ್ರ, ಎಲ್ಲ ನೆನಪಾಯಿತು. ನಿಮೋನಿಯಾ ಎಂದು ನಂಬಿಸಿದ್ದಳು.

"ಹೇಳುಕೆ ಆಗ್ಲಿಲ್ಲ ಮಗಾ. ಅಂಕೋಲೆಲ್ಲಿ ಗುರ್ತದವ್ರು ನೋಡ್ತಿದ್ರು. ಹೆಣ್ ಹುಡ್ಗಿಗೆ ಕ್ಷಯ ಅಂದ್ರೆ ಯಾರು ಮದ್ವೆ ಆಗ್ತಿದ್ರು? ಆಸ್ಪತ್ರೆ ಚೀಟಿ ಎಲ್ಲಾ ಒಲೆಗೆ ಹಾಕ್ದೆ."

ಸಿಟ್ಟು ಬಂತು. ಅಷ್ಟು ಜನರೆದುರು ಕೂಗಲಾಗದೆ ಒಳಗೆ ಹೋಗಿ ಡಾಕ್ಟರಮ್ಮನಿಗೆ ಇದ್ದದ್ದು ಹೇಳಿದೆ. ಮೂರು ದಿನ ಬೆಳಿಗ್ಗೆ ಕಫ ಕೊಡಬೇಕು, ಅದರಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ಎರಡು ತಿಂಗಳು ನೋಡುತ್ತಾರೆ, ಸಂದರ್ಶನ ಆಮೇಲೆ ಎಂದರು.

ಸಂಜೆ ಗಂಡನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಮದ್ವೆಗೆ ಮೊದ್ಲೇ ಗೊತ್ತಿತ್ತಾ ನಿಂಗೆ?"

"ಇಲ್ಲ. ಇವತ್ತೇ ಗೊತ್ತಾಯ್ತು."

"ನಿನ್ ಆಯಿಗೆ ಗೊತ್ತಿತ್ತಲ್ಲ," ಎಂದವರೇ ಫೋನ್ ಇಟ್ಟರು.

ಕಫ ಕೊಟ್ಟು ಅವರ್ಸಾಕ್ಕೆ ಮರಳಿದೆವು. ಗಂಡನ ಕರೆ ಬರಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಒಂದೇ ಮನೆಯಲ್ಲಿದ್ದರೂ ಆಯಿಯೊಡನೆ ನಾನು ಮಾತು ಬಿಟ್ಟಿದ್ದೆ. ಅವಳು ನನಗೆ ಬಡಿಸಿಟ್ಟು ಗದ್ದೆಗೆ ಹೋಗುತ್ತಿದ್ದಳು, ನಾನು ಉಂಡೆನೋ ಇಲ್ಲವೋ ಎಂದು ಬಂದು ತಟ್ಟೆ ನೋಡುತ್ತಿದ್ದಳು.

ಹನ್ನೆರಡನೆಯ ದಿನ ಬೆಳಿಗ್ಗೆ ಅವಳೇ ತನ್ನ ಫೋನಿನಿಂದ ಅವರಿಗೆ ಕರೆ ಮಾಡಿದಳು. ಅವಳ ನಂಬರೆಂದೋ ಏನೋ, ಗಂಡ ಎತ್ತಿದರು. ಅಳಿಯನೊಡನೆ ನೇರವಾಗಿ ಮಾತಾಡಿ ಅವಳಿಗೆ ರೂಢಿಯಿಲ್ಲ. ಎದ್ದು ನಿಂತೇ ಮಾತಾಡಿದಳು.

"ಅವ್ಳು ಮುಚ್ಚಿಟ್ಟದ್ದಲ್ಲ. ಮುಚ್ಚಿಟ್ಟದ್ದು ನಾನು. ಬೈಯೂದಾದ್ರೆ ನಂಗೇ ಬೈಯಿ."

ಅತ್ತಲಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಫೋನ್ ನನ್ನ ಕೈಗಿತ್ತಳು.

"ಗುಳಿಗೆ ಪೂರ್ತಿ ತಕಂಡಿದ್ಯಾ ಆಗೆ?" ಎಂದರು ಗಂಡ.

"ಆಯಿ ಒಂದ್ ದಿನಾನೂ ತಪ್ಸಿರ್ಲಿಲ್ಲ," ಎಂದೆ. ಹೇಳುತ್ತ ಆಯಿಯ ಕಡೆ ನೋಡಿದೆ.

"ಹಂಗಾರೆ ಹೆದ್ರಬೇಡ," ಎಂದರು ಅವರು.

ಎರಡು ತಿಂಗಳು ಕಳೆದರೂ ಕಫದಲ್ಲಿ ಏನೂ ಸಿಗಲಿಲ್ಲ. ಮತ್ತೆ ಮುಂಬೈ. ಕಾನ್ಸುಲೇಟಿನಲ್ಲಿ ಗಾಜಿನಾಚೆಯ ಅಧಿಕಾರಿ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದ. ಗಂಡನನ್ನು ಕೊನೆಯದಾಗಿ ಕಂಡದ್ದು ಯಾವಾಗ, ಅವರ ಕೆಲಸವೇನು ಎಂದು ಕೇಳಿ, ಕಾಗದಪತ್ರ ತಿರುವಿ, ವೀಸಾ ಕೊಡುತ್ತೇವೆಂದ. ಕ್ಷಯದ ಮಾತೇ ಎತ್ತಲಿಲ್ಲ.

ಹೊರಗೆ ಬಿಸಿಲಿನಲ್ಲಿ ಆಯಿ ಕಾಯುತ್ತಿದ್ದಳು. ಆಯಿತು ಎಂದೆ. ಅವಳು ತಲೆಯಾಡಿಸಿ, ಬೇರೆ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು. ನಾನು ಅವಳ ಕೈ ಹಿಡಿದು ರಸ್ತೆ ದಾಟಿಸಿದೆ.